ಬಲತೋಳಿನ ಆರು ಕಾಜಗಳು

ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು. ಆ ಹೆಸರು ಹಿಡಿದು ಕರೆಯುವವರು ಒಬ್ಬೊಬ್ಬರಾಗಿ ಹೋಗಿಬಿಟ್ಟ ಮೇಲೆ ಬೀದಿಗೆಲ್ಲ ಅವಳು ಬರೀ ಕಾಜಕ್ಕ. ಗುಂಡಿ ತೂರಿಸಲು ಬಟ್ಟೆಯನ್ನು ಒಂದಿಷ್ಟು ಸೀಳಿ, ಆ ಸೀಳು ಹಿಂಜಿಹೋಗದಂತೆ ಅಂಚಿಗೆಲ್ಲ ದಾರದ ಕಟ್ಟು ಹಾಕುವುದಕ್ಕೆ ದರ್ಜಿಗಳು ಕಾಜ ಹಾಕುವುದು ಎನ್ನುತ್ತಾರೆ. ಹದಿಮೂರನೆಯ ವಯಸ್ಸಿನಿಂದ ಐವತ್ತಾರರವರೆಗೂ ಅವಳು ಮಾಡಿದ ಕೆಲಸ ಅದೊಂದೇ.

ಅವಳ ಅಪ್ಪ ದರ್ಜಿ. ಅವಳು ಏಳನೆಯ ತರಗತಿಯಲ್ಲಿದ್ದಾಗ ಅಪ್ಪನ ಕಣ್ಣಿಗೆ ಪೊರೆ ಬಂದು, ಸೂಜಿಗೆ ದಾರ ಪೋಣಿಸಲೂ ಇನ್ನೊಬ್ಬರ ಕೈ ಕಾಯುವಂತಾಯಿತು. ಅಣ್ಣ ಕತ್ತರಿ ಹಿಡಿದ, ತಂಗಿ ಸೂಜಿ ಹಿಡಿದಳು. ಶಾಲೆ ಅಲ್ಲಿಗೇ ನಿಂತಿತು. ಮುಂದೆ ಮದುವೆಯಾಗಿ ಹೋದವಳು ಮೂರನೆಯ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ಹಿಂತಿರುಗಿದಳು. ನೋಡಲು ಬಂದವರೆಲ್ಲ ಮರುಗಿ, ಕೈ ಹಿಡಿದು, ಕಣ್ಣೊರೆಸಿಕೊಂಡು ಹೋದರು. ಅವಳು ಎರಡನೆಯ ವಾರವೇ ಅಂಗಡಿಯ ಕಿಟಕಿಯ ಪಕ್ಕದ ತನ್ನ ಮುಕ್ಕಾಲಿಯ ಮೇಲೆ ಹೋಗಿ ಕೂತಳು. "ಸುಮ್ನೆ ಕೂತ್ರೆ ತಲೆ ಕೆಡುತ್ತೆ ಅಣ್ಣ, ಏನಾದ್ರೂ ಕೊಡು" ಎಂದಳಂತೆ. ಅಣ್ಣ ಅವಳ ಮಡಿಲಿಗೆ ಹನ್ನೆರಡು ಅಂಗಿ ಹಾಕಿದ.

ಯಂತ್ರದಲ್ಲಿ ಕಾಜ ಹಾಕುವ ಕಾಲ ಬಂದ ಮೇಲೆ ಅಂಗಿಗಳು ಅವಳ ಕೈ ತಪ್ಪಿದವು. ಕೋಟುಗಳು ಮಾತ್ರ ಉಳಿದವು. ಕೆಲಸ ಕಡಿಮೆಯಾದಷ್ಟೂ ಅವಳ ಕಣ್ಣು ಚುರುಕಾಯಿತು. ಬಾಗಿಲಲ್ಲಿ ಯಾರು ಬಂದರೂ ಅವಳು ಮೊದಲು ನೋಡುತ್ತಿದ್ದುದು ಗುಂಡಿಯನ್ನು, ಆಮೇಲೆ ಮುಖವನ್ನು. ಅಣ್ಣನ ಮಗಳು ತಾನು ಮೆಚ್ಚಿದ ಹುಡುಗನನ್ನು ಮೊದಲ ಸಲ ಮನೆಗೆ ಕರೆತಂದಾಗ ಎಲ್ಲರೂ ಅವನ ಓದು, ಕೆಲಸ ವಿಚಾರಿಸುತ್ತಿದ್ದರೆ ಕಾಜಕ್ಕ ಅವನ ಕೋಟಿನ ಎದೆಯನ್ನೇ ದಿಟ್ಟಿಸುತ್ತಿದ್ದಳು.

"ಈ ಕೋಟು ನಿಂದಲ್ಲ ಅಲ್ವಾ ಮಗಾ?" ಎಂದಳು.

ಅಣ್ಣ, ಅತ್ತಿಗೆ ಇಬ್ಬರ ಮುಖವೂ ಬಿಳಿಚಿತು. ಹುಡುಗ ಒಂದು ಕ್ಷಣ ತಬ್ಬಿಬ್ಬಾಗಿ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ಅದು ಅವನ ಗೆಳೆಯನ ಕೋಟು. ಗೆಳೆಯನಿಗೆ ಹೊಟ್ಟೆ ದೊಡ್ಡದು, ನಡುವಿನ ಕಾಜವೊಂದೇ ಜಗ್ಗಿ ಅಗಲವಾಗಿತ್ತು. ಈ ಹುಡುಗನೋ ಕಡ್ಡಿ. ನಗುವುದು ಗೊತ್ತಿರುವವನು ಎಂದು ಅವತ್ತೇ ಅತ್ತಿಗೆ ಅವನನ್ನು ಒಪ್ಪಿಕೊಂಡಳು.

ಇಂಥವಳ ಕೈಗೆ ಆ ಫೋಟೋ ಬಂದದ್ದು ನಾಟಕದ ಮೇಷ್ಟ್ರ ದೆಸೆಯಿಂದ.

ಊರಿನ ದೊಡ್ಡ ಶಾಲೆ ಇರುವ ಕಟ್ಟಡ ಹಿಂದೆ ಕುದುರೆ ಸೈನ್ಯದ ಠಾಣೆಯಾಗಿತ್ತು. ಈಗ ಮಕ್ಕಳು ಸೈಕಲ್ ನಿಲ್ಲಿಸುವ ಉದ್ದನೆಯ ಸಾಲುಕೊಟ್ಟಿಗೆ ಕುದುರೆಗಳದು. ಶಾಲೆಗೆ ಐವತ್ತು ತುಂಬಿದ್ದಕ್ಕೆ ಮೇಷ್ಟ್ರು ಆ ಠಾಣೆಯ ಕಾಲದ್ದೇ ಒಂದು ನಾಟಕ ಬರೆದಿದ್ದರು. ಅದರಲ್ಲಿ ಒಬ್ಬ ಕ್ರೂರ ಅಧಿಕಾರಿ. ಅವನ ಕೋಟು ನೋಡಿದವರಿಗೆ ನಡುಕ ಹುಟ್ಟಬೇಕು ಎಂಬುದು ಅವರ ಆಸೆ. ಊರಿನ ಗ್ರಂಥಾಲಯದಲ್ಲಿದ್ದ ಹಳೆಯ ಫೋಟೋ ಒಂದನ್ನು ದೊಡ್ಡದು ಮಾಡಿಸಿಕೊಂಡು ತಂದು ಅಣ್ಣನ ಮೇಜಿನ ಮೇಲೆ ಹಾಸಿದರು.

"ಇದೇ ಥರ ಬೇಕು ಮಾಸ್ಟರ್. ಒಂದು ಕೂದಲೆಳೆ ಆಚೀಚೆ ಆಗ್ಬಾರ್ದು."

ಫೋಟೋದಲ್ಲಿ ನಲವತ್ತರ ಆಸುಪಾಸಿನ ಸೇನಾಧಿಕಾರಿಯೊಬ್ಬ ನಿಂತಿದ್ದ. ಹಿಂದೆ ಮರ, ಕೆರೆ ಬರೆದ ಸ್ಟುಡಿಯೋ ಪರದೆ. ಬಲಗೈ ಕುರ್ಚಿಯ ಬೆನ್ನಿನ ಮೇಲೆ, ಎಡಗೈ ಸೊಂಟದ ಬೆಲ್ಟಿನ ಮೇಲೆ. ದಪ್ಪ ಮೀಸೆ, ಸ್ವಲ್ಪ ದಣಿದ ಕಣ್ಣು. ಭುಜದ ಮೇಲೂ ಕೊರಳಪಟ್ಟಿಯ ಮೇಲೂ ಫೋಟೋ ಬೂಸಲು ಹಿಡಿದು ಬೆಳ್ಳಗಾಗಿದ್ದರಿಂದ ಅವನ ದರ್ಜೆ ಯಾವುದು, ಯಾವ ಪಡೆಯವನು ಎಂಬುದೇ ಕಾಣುತ್ತಿರಲಿಲ್ಲ. ಕೆಳಗೆ ಗ್ರಂಥಾಲಯದವರ ಚೀಟಿ: "ಅಪರಿಚಿತ ಸೇನಾಧಿಕಾರಿ. ಎರಡು ಮಹಾಯುದ್ಧಗಳ ನಡುವಿನ ಕಾಲ, ಬಹುಶಃ ೧೯೨೯."

ಮೇಷ್ಟ್ರು ಹೋದ ಮೇಲೆ ಕಾಜಕ್ಕ ಎಷ್ಟು ಕಾಜ ಬೇಕು ಎಂದು ಎಣಿಸಲು ಕೂತಳು. ಎದೆಯ ಮೇಲೆ ಐದು, ಜೇಬುಗಳಿಗೆ ನಾಲ್ಕು, ಎಡತೋಳಿನ ಮಣಿಕಟ್ಟಿಗೆ ಮೂರು. ಬಲತೋಳಿಗೆ ಬಂದಾಗ ಅವಳ ಬೆರಳು ನಿಂತಿತು. ಇನ್ನೊಮ್ಮೆ ಎಣಿಸಿದಳು.

"ಅಣ್ಣ, ಬಲಗಡೆ ಆರು ಇದೆ."

"ಏನು ಆರು?"

"ಕಾಜ. ಮಣಿಕಟ್ಟಿಂದ ಶುರುವಾಗಿ ಮೊಣಕೈವರೆಗೂ ಹೋಗಿದೆ. ಎಡಗಡೆ ಮೂರೇ."

ಅಣ್ಣ ಕನ್ನಡಕ ಏರಿಸಿ ನೋಡಿದ. "ಹೊಲಿದೋನು ಕುಡಿದಿರ್ಬೇಕು. ಎರಡೂ ಕಡೆ ಮೂರು ಹಾಕು."

"ಕುಡಿದೋನು ಗುಂಡಿ ಓರೆಯಾಗಿ ಹಾಕ್ತಾನೆ, ಮೂರು ಹೆಚ್ಚಿಗೆ ಹಾಕ್ತಾನಾ?"

ಕೋಟಿನ ತೋಳಿನ ಗುಂಡಿಗಳು ಸಾಮಾನ್ಯವಾಗಿ ಬರೀ ಅಲಂಕಾರಕ್ಕೆ. ಕಾಜದ ಹಾಗೆ ಕಾಣುವ ಹೊಲಿಗೆ ಇರುತ್ತದೆ, ಬಟ್ಟೆ ಸೀಳಿರುವುದಿಲ್ಲ. ಈ ಫೋಟೋದ ಎಡತೋಳಿನಲ್ಲಿ ಇದ್ದದ್ದೂ ಹಾಗೆಯೇ. ಆದರೆ ಬಲತೋಳಿನ ತುದಿಯದೊಂದು, ಅಂದರೆ ಮೊಣಕೈಗೆ ಹತ್ತಿರವಿದ್ದ ಗುಂಡಿ, ಬಿಚ್ಚಿಕೊಂಡಿತ್ತು. ಬಿಚ್ಚುವ ಗುಂಡಿ ಅಂದ ಮೇಲೆ ಸೀಳಿದ ಕಾಜ. ಬಲತೋಳನ್ನು ಮೊಣಕೈವರೆಗೆ ತೆರೆದು ಮೇಲಕ್ಕೆ ಮಡಚಲು ಬರುವಂತೆ ಯಾರೋ ಬೇಕೆಂದೇ ಹೊಲಿದಿದ್ದರು. ಯಾಕೆ?

ಆ "ಯಾಕೆ" ಅವಳ ತಲೆಗೆ ಹುಳ ಬಿಟ್ಟ ಹಾಗಾಯಿತು. ಕೋಟಿನ ಉಳಿದ ಕೆಲಸವೆಲ್ಲ ಮುಗಿಯುತ್ತ ಬಂದರೂ ಬಲತೋಳನ್ನು ಮಾತ್ರ ಹೊಲಿಯಗೊಡಲಿಲ್ಲ.

"ನಾಟಕದ ಕೋಟು ಕಣೇ ಅದು," ಎಂದು ಅಣ್ಣ ಗೊಣಗಿದ. "ಹಿಂದಿನ ಸಾಲಲ್ಲಿ ಕೂತೋನಿಗೆ ತೋಳಿರೋದು ಕಂಡ್ರೆ ಸಾಕು."

"ಮೇಷ್ಟ್ರು ಕೂದಲೆಳೆ ಅಂದ್ರಲ್ಲ. ಇದು ಕೂದಲೆಳೆಗಿಂತ ದಪ್ಪ ಇದೆ."

ಪಕ್ಕದ ಮನೆಯಲ್ಲಿ ನಿವೃತ್ತ ಹವಾಲ್ದಾರರು ಇದ್ದರು. ಸೈನ್ಯದ ವಿಚಾರ ಬಂದರೆ ಅವರ ಮಾತೇ ಕೊನೆಯ ಮಾತು. ಕಾಜಕ್ಕ ಫೋಟೋ ಸುರುಳಿ ಸುತ್ತಿಕೊಂಡು ಹೋಗಿ ಕೇಳಿದಳು. ಹವಾಲ್ದಾರರು ಅದನ್ನು ಕೈಯಳತೆ ದೂರಕ್ಕೆ ಹಿಡಿದು, ಗಂಟಲು ಸರಿಮಾಡಿಕೊಂಡು ತೀರ್ಪು ಕೊಟ್ಟರು.

"ಗಾಯ. ಕೈಗೆ ಏಟು ಬಿದ್ದಿದೆ. ಪ್ಲಾಸ್ಟರ್ ಹಾಕಿದ ಕೈ ತೋಳೊಳಗೆ ತೂರಲ್ಲ, ಅದಕ್ಕೇ ಬಿಚ್ಚಿ ಗುಂಡಿ ಇಟ್ಟಿದ್ದಾರೆ. ಕುದುರೆ ಮೇಲಿಂದ ಬಿದ್ದಿರ್ಬೇಕು. ಇಷ್ಟೇ ವಿಷಯ."

ಮಾತು ಸರಿಯಾಗಿಯೇ ಇತ್ತು. ಒಪ್ಪಿಕೊಂಡು ಮನೆಗೆ ಬಂದಿದ್ದರೆ ಬಲತೋಳು ಅಂದೇ ಮುಗಿಯುತ್ತಿತ್ತು. ಆದರೆ ಕಾಜಕ್ಕನಿಗೆ ಎಲ್ಲೋ ಒಂದು ಕಡೆ ಚುಚ್ಚುತ್ತಿತ್ತು. ಪ್ಲಾಸ್ಟರ್ ಎರಡು ಮೂರು ತಿಂಗಳ ಮಾತು. ಅಷ್ಟಕ್ಕೆ ಹೊಲಿಗೆ ಬಿಚ್ಚಿ ಪಿನ್ನು ಸಿಕ್ಕಿಸಿಕೊಂಡರೆ ಸಾಕು. ಆರು ಕಾಜ ಯಾರು ಹಾಕಿಸುತ್ತಾರೆ? ದೊಡ್ಡದು ಮಾಡಿಸಿದ ಕಾಗದದಲ್ಲಿ ದಾರದ ಎಳೆಗಳು ಮಸುಕು. ಮೂಲ ಫೋಟೋ ನೋಡದೆ ಆಗದು ಎಂದುಕೊಂಡು, ಹಿಂದೆಂದೂ ಕಾಲಿಡದ ಗ್ರಂಥಾಲಯದ ಮೆಟ್ಟಿಲು ಹತ್ತಿದಳು.

ಗ್ರಂಥಪಾಲಕಿ ಮೂವತ್ತು ದಾಟದ ಹುಡುಗಿ. ಗಿರಾಕಿಗಳಿಲ್ಲದ ಮಧ್ಯಾಹ್ನ, ಅಂಟು ಡಬ್ಬಿ ಮುಂದಿಟ್ಟುಕೊಂಡು ಹರಿದ ಪುಸ್ತಕಗಳಿಗೆ ಬೆನ್ನು ಅಂಟಿಸುತ್ತಿದ್ದಳು. ಅವಳು ಅಂಗಿಯ ಗುಂಡಿ ಒಂದನ್ನು ಬೇರೆ ಬಣ್ಣದ ದಾರದಲ್ಲಿ ಹೊಲಿದುಕೊಂಡಿದ್ದಳು. ಕಾಜಕ್ಕ ಅದನ್ನು ನೋಡಿಯೂ ಬಾಯಿ ಬಿಡಲಿಲ್ಲ, ಕೆಲಸ ಆಗಬೇಕಿತ್ತಲ್ಲ.

"ಆ ಆಫೀಸರ್ ಫೋಟೋನಾ? ಬನ್ನಿ ಬನ್ನಿ," ಎಂದು ಗ್ರಂಥಪಾಲಕಿ ಎದ್ದೇಬಿಟ್ಟಳು. "ಮೂರು ವರ್ಷದಿಂದ ನನ್ನನ್ನ ಆಟ ಆಡಿಸ್ತಿದ್ದಾನೆ ಆತ."

ಒಳಕೋಣೆಯಲ್ಲಿ ಅವಳು ತೋರಿಸಿದ್ದು ಇಷ್ಟು. ಆ ಕಾಲದಲ್ಲಿ ಠಾಣೆಯಲ್ಲಿದ್ದ ಅಧಿಕಾರಿಗಳ ಪಟ್ಟಿ ಸಿಕ್ಕಿದೆ, ಮೂವತ್ತೊಂದು ಹೆಸರು. ಪಡೆಯ ಗುಂಪುಚಿತ್ರಗಳೂ ಇವೆ, ಪ್ರತಿಯೊಂದರ ಕೆಳಗೂ ಹೆಸರಿದೆ. ಆ ಮೂವತ್ತೊಂದೂ ಮುಖಗಳಿಗೆ ಈ ಮುಖವನ್ನು ಹೋಲಿಸಿ ನೋಡಿಯಾಗಿದೆ. ಒಂದೂ ತಾಳೆಯಾಗುವುದಿಲ್ಲ. ಬೇರೆ ಊರಿನವನು ಬಂದು ಫೋಟೋ ತೆಗೆಸಿಕೊಂಡಿರಬಹುದು ಎಂದುಕೊಂಡರೆ, ಫೋಟೋ ಸಿಕ್ಕಿದ್ದು ಠಾಣೆಯದೇ ಸಾಮಾನಿನ ಮಧ್ಯೆ.

"ಭೂತಗನ್ನಡಿ ಇದ್ಯಾ?" ಎಂದಳು ಕಾಜಕ್ಕ.

ಮೂಲ ಫೋಟೋ ಅಂಗೈಗಿಂತ ಸ್ವಲ್ಪ ದೊಡ್ಡದು, ದಪ್ಪ ರಟ್ಟಿನ ಮೇಲೆ ಅಂಟಿಸಿದ್ದು. ಹಳೆಯ ದೊಡ್ಡ ಕ್ಯಾಮೆರಾದಲ್ಲಿ ತೆಗೆದದ್ದಾದ್ದರಿಂದ ಚಿಕ್ಕದಾದರೂ ಎಳೆ ಎಳೆ ಕಾಣುತ್ತಿತ್ತು. ಕಾಜಕ್ಕ ಕಿಟಕಿಯ ಬಳಿ ಬಗ್ಗಿದವಳು ಮೇಲೇಳಲಿಲ್ಲ. ಗ್ರಂಥಪಾಲಕಿ ಎರಡು ಪುಸ್ತಕ ಅಂಟಿಸಿ ಬಂದಳು, ಆಗಲೂ ಬಗ್ಗಿಯೇ ಇದ್ದಳು.

"ಇದು ಗಾಯಕ್ಕೆ ಮಾಡಿಸಿದ್ದಲ್ಲ," ಎಂದಳು ಕೊನೆಗೆ. "ಬಾ, ನೋಡು. ಹೊಸ ಕಾಜ ಅಂದ್ರೆ ಹೀಗೆ ತುಟಿ ಮುಚ್ಚಿಕೊಂಡಿರುತ್ತೆ. ಎದೆ ಮೇಲಿಂದು ಹಾಗೇ ಇದೆ, ದಿನಾ ಒಂದ್ಸಲ ಹಾಕಿ ತೆಗೆಯೋದು. ಈ ತೋಳಿಂದು ನೋಡು, ಆರಕ್ಕಾರೂ ಬಾಯಿ ಬಿಟ್ಕೊಂಡಿದೆ. ಅಂಚು ಹಿಂಜಿ ಮತ್ತೆ ಕಟ್ಟಿದ್ದಾರೆ, ಇಲ್ಲಿ ದಾರ ಬೇರೆ. ಎರಡು ಸಲ ರಿಪೇರಿ ಆಗಿದೆ. ಈ ಮನುಷ್ಯ ವರ್ಷಗಟ್ಟಲೆ, ಅವಸರವಸರವಾಗಿ ಈ ತೋಳು ಬಿಚ್ಚಿದ್ದಾನೆ."

"ಅವಸರ ಅಂತ ಹೇಗೆ ಗೊತ್ತಾಗುತ್ತೆ?"

"ನಿಧಾನವಾಗಿ ಬಿಚ್ಚಿದ್ರೆ ಕಾಜ ಒಂದೇ ಸಮ ಸಡಿಲ ಆಗುತ್ತೆ. ಕಿತ್ತು ಬಿಚ್ಚಿದ್ರೆ ಮೂಲೆ ಹರಿಯುತ್ತೆ. ಇದು ಮೂಲೆ ಹರಿದಿರೋದು."

ಗ್ರಂಥಪಾಲಕಿ ಭೂತಗನ್ನಡಿ ಇಸಿದುಕೊಂಡು ತಾನೂ ಬಗ್ಗಿ ನೋಡಿದಳು. ಮೂರು ವರ್ಷ ತಾನು ಆ ಫೋಟೋದಲ್ಲಿ ಮುಖವೊಂದನ್ನೇ ನೋಡಿದ್ದೆ ಎಂದು ಅವಳಿಗೆ ಆಗ ಹೊಳೆಯಿತಂತೆ. ಆಮೇಲೆ ಇಬ್ಬರೂ ಹೊರಗಿನ ಮೆಟ್ಟಿಲ ಮೇಲೆ ಕೂತು ಟೀ ಕುಡಿದರು. ಆ ಕಾಜಗಳನ್ನು ಹಾಕಿದ ಕೈ ಯಾವುದೋ, ಅದರ ಹೆಸರು ಮಾತ್ರ ಯಾವ ಪಟ್ಟಿಯಲ್ಲೂ ಸಿಗುವುದಿಲ್ಲ ಎಂದು ಕಾಜಕ್ಕ ಸುಮ್ಮನೆ ಒಂದು ಮಾತು ಹೇಳಿದಳು. "ಒಳ್ಳೇ ಕೈ," ಎಂದಳು, "ನನಗಿಂತ ಒಂದು ಹೊಲಿಗೆ ಒತ್ತಾಗಿದೆ."

ಅಲ್ಲಿಂದ ಒಂದು ವಾರ ಬೀದಿಯ ಜನಕ್ಕೆಲ್ಲ ಕಾಜಕ್ಕನ ಕಾಟ. ಬಲಗೈ ಮಾತ್ರ ಮೊಣಕೈವರೆಗೆ ಬಿಚ್ಚಬೇಕಾದ ಕೆಲಸ ಯಾವುದು? ಬ್ರೆಡ್ ಬೇಕರಿಯವನನ್ನು ಕೇಳಿದಳು; ಹಿಟ್ಟು ನಾದಲು ಎರಡೂ ಕೈ ಬೇಕು ಎಂದ. ನಲ್ಲಿ ರಿಪೇರಿಯವನನ್ನು ಕೇಳಿದಳು; ಮೋರಿಗೆ ಕೈ ಹಾಕುವಾಗ ಯಾವ ಕೈ ಅಂತ ನೋಡುತ್ತ ಕೂರುವುದಿಲ್ಲ ಎಂದ. ಕ್ಷೌರದವನು, ಕಮ್ಮಾರ, ಮೀನು ಮಾರುವವಳು, ಯಾರನ್ನೂ ಬಿಡಲಿಲ್ಲ. ರಕ್ತ ತೆಗೆಸಿಕೊಳ್ಳುವ ಕಾಯಿಲೆ ಇದ್ದಿರಬೇಕು ಎಂದು ಔಷಧಿ ಅಂಗಡಿಯವನು ಹೇಳಿದ. ಅದಕ್ಕೆ ಮಣಿಕಟ್ಟಿನಿಂದ ಯಾಕೆ ಬಿಚ್ಚಬೇಕು ಎಂದು ಅವಳು ತಿರುಗಿ ಕೇಳಿದಾಗ, ಅವನಿಗೆ ಅಂಗಡಿಯೊಳಗೆ ಏನೋ ಕೆಲಸ ನೆನಪಾಯಿತು.

"ಊರೆಲ್ಲ ನಗ್ತಾ ಇದೆ," ಎಂದಳು ಅತ್ತಿಗೆ.

"ನಗ್ಲಿ ಬಿಡಿ ಅತ್ತಿಗೆ. ನಕ್ಕೋರಲ್ಲಿ ಒಬ್ಬರಿಗಾದ್ರೂ ಗೊತ್ತಿರುತ್ತೆ."

ಗೊತ್ತಾದದ್ದು ಯಾರ ಬಾಯಿಂದಲೂ ಅಲ್ಲ. ಒಂದು ಬೆಳಗ್ಗೆ ಹಾಲು ತರಲು ಹಿಂದಿನ ಬೀದಿಗೆ ಹೋದಳು. ಹಾಲಿನವಳು ಬಾಗಿಲಲ್ಲಿ ಇರಲಿಲ್ಲ. ಕೊಟ್ಟಿಗೆಯೊಳಗಿನಿಂದ ಮಾತು ಕೇಳುತ್ತಿತ್ತು. ಇಣುಕಿದರೆ ಕಂದು ಹಸು ಒಂದು ಮೂಲೆಯಲ್ಲಿ ಕಾಲು ಅಗಲಿಸಿ ನಿಂತು ನರಳುತ್ತಿತ್ತು. ಹಾಲಿನವಳು ಅದರ ಕೊರಳನ್ನು ತಬ್ಬಿ ಹಿಡಿದಿದ್ದಳು. ಹಸುವಿನ ಹಿಂದೆ ದನದ ಡಾಕ್ಟರು. ಅವರ ಅಂಗಿಯ ಎಡತೋಳು ತೊಟ್ಟ ಹಾಗೆಯೇ ಇತ್ತು. ಬಲತೋಳನ್ನು ಮಾತ್ರ ಪೂರ್ತಿ ಕಳಚಿ ಬೆನ್ನಿಗೆ ಇಳಿಬಿಟ್ಟಿದ್ದರು. ಬಲಗೈ, ಮೊಣಕೈಗಿಂತ ಮೇಲಿನವರೆಗೂ, ಹಸುವಿನ ಒಳಗಿತ್ತು. ಕಣ್ಣು ಮುಚ್ಚಿಕೊಂಡು, ಕೆನ್ನೆಯನ್ನು ಹಸುವಿನ ಸೊಂಟಕ್ಕೆ ಆನಿಸಿ, ಬೆರಳಿನಲ್ಲೇ ಏನನ್ನೋ ಹುಡುಕುತ್ತಿದ್ದರು.

ಕಾಜಕ್ಕನ ಕೈಯ ಹಾಲಿನ ಪಾತ್ರೆ ಕೆಳಗೆ ಬಿತ್ತು.

"ಸದ್ದು ಮಾಡ್ಬೇಡಿ," ಎಂದರು ಡಾಕ್ಟರು ಕಣ್ಣು ತೆರೆಯದೆ. "ಕರುವಿನ ಕಾಲು ಹಿಂದಕ್ಕೆ ಮಡಚಿಕೊಂಡಿದೆ. ಹಾಂ, ಸಿಕ್ತು."

ಅರ್ಧ ಗಂಟೆಯ ಮೇಲೆ ಕರು ಹುಲ್ಲಿನ ಮೇಲೆ ಬಿದ್ದು, ಮೂಗು ಒರೆಸಿದ ಮೇಲೆ ಸೀನಿತು. ಡಾಕ್ಟರು ಬಕೆಟ್ಟಿನ ಬಳಿ ಕೂತು ಭುಜದವರೆಗೆ ಸೋಪು ಹಚ್ಚಿಕೊಳ್ಳುವಾಗ ಕಾಜಕ್ಕ ಹತ್ತಿರ ಹೋದಳು.

"ಡಾಕ್ಟ್ರೇ, ಒಂದು ಮಾತು ಕೇಳ್ಲಾ? ನೀವು ಕೋಟು ಹಾಕೊಂಡಿದ್ದಾಗ ಹೀಗೆ ಕರೆ ಬಂದ್ರೆ ಏನು ಮಾಡ್ತೀರಿ?"

"ಕೋಟು ಹಾಳಾಗುತ್ತೆ. ನನ್ನ ಮದುವೆ ಕೋಟು ಹೋಗಿದ್ದು ಹಾಗೇ." ಅವರು ನಗದೆ ಹೇಳಿದರು.

ಅವಳು ಓಡಿಹೋಗಿ ಫೋಟೋ ತಂದಳು. ಡಾಕ್ಟರು ಕೈ ಒರೆಸಿಕೊಂಡು, ಕೊಟ್ಟಿಗೆಯ ಬಾಗಿಲ ಬೆಳಕಿಗೆ ಹಿಡಿದು ನೋಡಿದರು. ಅವಳು ಆರು ಕಾಜಗಳನ್ನು ಒಂದೊಂದಾಗಿ ತೋರಿಸಿದಳು. ಅವರು ಅದನ್ನು ನೋಡಿ ತಲೆದೂಗಿದರು. ಆಮೇಲೆ ಕುರ್ಚಿಯ ಬೆನ್ನಿನ ಮೇಲಿದ್ದ ಆ ಅಧಿಕಾರಿಯ ಬೆರಳುಗಳ ಮೇಲೆ ತಮ್ಮ ಬೆರಳಿಟ್ಟರು.

"ಉಗುರು ನೋಡಿ," ಎಂದರು. "ಮಾಂಸದವರೆಗೂ ಕತ್ತರಿಸಿದ್ದಾರೆ. ಎಡಗೈದು ಹಾಗಿಲ್ಲ. ಒಳಗೆ ಉಗುರು ತಾಗಿದ್ರೆ ಪ್ರಾಣಿಗೆ ಗಾಯ ಆಗುತ್ತಲ್ಲ." ತಮ್ಮ ಬಲಗೈಯನ್ನು ಫೋಟೋದ ಪಕ್ಕಕ್ಕೆ ಹಿಡಿದರು. ಉಗುರುಗಳು ಒಂದೇ ಥರ ಇದ್ದವು. "ಈತ ನಮ್ಮವನು ಕಣ್ರೀ. ಕುದುರೆ ಸೈನ್ಯದಲ್ಲಿ ಕುದುರೆ ನೋಡಿಕೊಳ್ಳೋಕೆ ಡಾಕ್ಟರ್ ಬೇಡ್ವಾ?"

ಕಾಜಕ್ಕ ಹಾಲು ಮರೆತು ನೇರ ಗ್ರಂಥಾಲಯದ ದಾರಿ ಹಿಡಿದಳು. ಬಾಗಿಲು ತೆರೆಯಲು ಇನ್ನೂ ಒಂದು ಗಂಟೆ ಇತ್ತು. ಮೆಟ್ಟಿಲ ಮೇಲೆ ಕೂತು ಕಾದಳು.

ವಿಷಯ ಕೇಳಿದ ಗ್ರಂಥಪಾಲಕಿ ತನ್ನ ಹಣೆಯನ್ನು ತಾನೇ ಚಚ್ಚಿಕೊಂಡಳು. ಕುದುರೆ ಆಸ್ಪತ್ರೆ ಠಾಣೆಯ ಆವರಣದಲ್ಲೇ ಇದ್ದರೂ ಅದು ಬೇರೆ ವಿಭಾಗದ್ದು. ಅಲ್ಲಿಯ ಅಧಿಕಾರಿ ಪಡೆಯ ಪಟ್ಟಿಯಲ್ಲಿ ಬರುವುದಿಲ್ಲ, ಪಡೆಯ ಗುಂಪುಚಿತ್ರದಲ್ಲೂ ಕೂರುವುದಿಲ್ಲ. ಅವನು ಊಟಕ್ಕೆ ಅವರ ಜೊತೆ, ಹೆಸರಿಗೆ ಬೇರೆ. "ಕುದುರೆ ಆಸ್ಪತ್ರೆ ಕಾಗದ ಇದೆ," ಎಂದಳು, "ಮೇವು ಅಂತ ಬರೆದಿರೋ ಪೆಟ್ಟಿಗೆಲಿ. ಮೇವು ಅಂತ ನೋಡಿ ನಾನು ಮುಚ್ಚಳಾನೇ ತೆಗೆದಿರ್ಲಿಲ್ಲ."

ಎರಡು ಮಧ್ಯಾಹ್ನ ಇಬ್ಬರೂ ಆ ಪೆಟ್ಟಿಗೆಯ ಮುಂದೆ ನೆಲದ ಮೇಲೆ ಕೂತರು. ಮೇಲಿನ ಅರ್ಧ ನಿಜಕ್ಕೂ ಮೇವಿನ ವಿಚಾರ. ಅದರ ಕೆಳಗೆ ಲಾಳ, ಕುಂಟು, ಹೊಟ್ಟೆನೋವು, ಯಾವ ಕುದುರೆಗೆ ಯಾವ ಔಷಧಿ. ಅಕ್ಷರ ಒಬ್ಬರದೇ, ಬಲಕ್ಕೆ ವಾಲಿದ ದೊಡ್ಡ ಅಕ್ಷರ. ಕಾಜಕ್ಕನಿಗೆ ಹಳೆಯ ಕಚೇರಿ ಭಾಷೆ ಅಷ್ಟಾಗಿ ತಿಳಿಯುತ್ತಿರಲಿಲ್ಲ. ಗ್ರಂಥಪಾಲಕಿ ಓದುವುದು, ಇವಳು ಕೇಳುವುದು. ಯಾವುದೋ ಕಪ್ಪು ಕುದುರೆ ಮೂರು ಸಲ ಸಾಯುವ ಸ್ಥಿತಿಗೆ ಹೋಗಿ ಮೂರು ಸಲವೂ ಬದುಕಿಕೊಂಡ ಕಥೆಗೆ ಇಬ್ಬರೂ ಎಷ್ಟು ಸೋತರೆಂದರೆ, ನಾಲ್ಕನೆಯ ಸಲ ಅದು ಸತ್ತ ಪುಟ ಬಂದಾಗ ಗ್ರಂಥಪಾಲಕಿ ಕಾಗದ ಕೆಳಗಿಟ್ಟು ಟೀ ತರಲು ಎದ್ದು ಹೋದಳು.

ಎರಡನೆಯ ದಿನ ಸಂಜೆಯ ಹೊತ್ತಿಗೆ ಸಿಕ್ಕಿತು. ಪಡೆಯ ಮುಖ್ಯಸ್ಥನಿಗೆ ಬರೆದ ಒಂದು ಹಾಳೆಯ ಅರ್ಜಿ, ೧೯೨೭ನೆಯ ಇಸವಿಯದು.

"ಈ ವರ್ಷ ನನ್ನ ಮೂರು ಸಮವಸ್ತ್ರದ ಕೋಟುಗಳು ಹಾಳಾಗಿವೆ. ಹೆಣ್ಣು ಕುದುರೆಗಳು ಪರೇಡಿನ ವೇಳೆ ನೋಡಿಕೊಂಡು ಮರಿ ಹಾಕುವುದಿಲ್ಲ. ಕೋಟು ಕಳಚಿಟ್ಟು ಬರುವಷ್ಟರಲ್ಲಿ ಹೋದ ತಿಂಗಳು ಒಂದು ಮರಿ ಉಸಿರುಗಟ್ಟಿ ಸತ್ತಿತು. ಆದ್ದರಿಂದ ಬಲತೋಳನ್ನು ಮೊಣಕೈವರೆಗೆ ತೆರೆಸಿ ಆರು ಗುಂಡಿ ಇಡಿಸಿಕೊಳ್ಳಲು ಅಪ್ಪಣೆ ಕೋರುತ್ತೇನೆ."

ಕೆಳಗೆ ಸಹಿ, ಸಹಿಯ ಕೆಳಗೆ ಪೂರ್ತಿ ಹೆಸರು, ಅದರ ಕೆಳಗೆ "ಕ್ಯಾಪ್ಟನ್, ಸೇನಾ ಪಶುವೈದ್ಯ ವಿಭಾಗ." ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಮುಖ್ಯಸ್ಥನ ಉತ್ತರ: "ಅಪ್ಪಣೆ ಇದೆ. ಪರೇಡಿನಲ್ಲಿ ಎಲ್ಲ ಗುಂಡಿಗಳೂ ಹಾಕಿರತಕ್ಕದ್ದು."

ಗ್ರಂಥಪಾಲಕಿ ಆ ಹೆಸರನ್ನು ಎರಡು ಸಲ ಜೋರಾಗಿ ಓದಿದಳು. ಕಾಜಕ್ಕ ಆ ವಾಲಿದ ಅಕ್ಷರಗಳನ್ನು ಒಂದೊಂದೇ ಕೂಡಿಸಿ ಮೂರನೆಯ ಸಲ ತಾನೇ ಓದಿಕೊಂಡಳು. ಆಸ್ಪತ್ರೆಯ ದಿನಚರಿ ಪುಸ್ತಕದಲ್ಲಿ ಎರಡು ವರ್ಷದ ಮೇಲಿನ ಇನ್ನೊಂದು ಸಾಲೂ ಸಿಕ್ಕಿತು: "ಇಂದು ಬೆಳಗ್ಗೆ ಎರಡು ಗಂಟೆ ಕಾಲ ಫೋಟೋ ತೆಗೆಸಿಕೊಳ್ಳಲು ಪೇಟೆಗೆ. ತಾಯಿಗೆ ಕಳಿಸುವ ಸಲುವಾಗಿ. ಹೊರಡುವ ಮುನ್ನ ಬೂದುಬಣ್ಣದ ಕುದುರೆಗೆ ಗಂಡುಮರಿ, ಇಬ್ಬರೂ ಕ್ಷೇಮ."

"ಅದಕ್ಕೇ ತೋಳಿನ ಕೊನೇ ಗುಂಡಿ ಹಾಕೋದು ಮರೆತಿದ್ದಾನೆ," ಎಂದಳು ಕಾಜಕ್ಕ. "ಕೈ ತೊಳೆದು ಹಾಗೇ ಓಡಿದ್ದಾನೆ. ತಾಯಿ ಖಂಡಿತ ಬೈದಿರ್ತಾಳೆ."

ಫೋಟೋ ತಾಯಿಯ ಕೈ ಸೇರಿತೋ, ಇದು ಅವನೇ ಇಟ್ಟುಕೊಂಡ ಇನ್ನೊಂದು ಪ್ರತಿಯೋ ಗೊತ್ತಾಗಲಿಲ್ಲ. ೧೯೩೪ರ ಮೇಲೆ ಕುದುರೆಗಳೆಲ್ಲ ಹೋಗಿ ಲಾರಿಗಳು ಬಂದವು. ಆ ಬಲಕ್ಕೆ ವಾಲಿದ ಅಕ್ಷರವೂ ಅಲ್ಲಿಗೆ ನಿಂತಿತ್ತು.

ಇಷ್ಟರಲ್ಲಿ ನಾಟಕಕ್ಕೆ ಒಂಬತ್ತೇ ದಿನ ಉಳಿದಿತ್ತು. ಕಾಜಕ್ಕ ಶಾಲೆಗೆ ಹೋಗಿ ಮೇಷ್ಟ್ರ ಮುಂದೆ ಎಲ್ಲ ಹೇಳಿದಳು. ಮೇಷ್ಟ್ರು ಸೀಮೆಸುಣ್ಣ ಹಿಡಿದ ಕೈಯಲ್ಲೇ ತಲೆ ಹಿಡಿದುಕೊಂಡರು.

"ಕಾಜಕ್ಕ, ನನ್ನ ನಾಟಕದಲ್ಲಿ ಆತ ಸೈನಿಕರಿಗೆ ಚಾಟಿ ಬೀಸ್ತಾನೆ. ಕುದುರೆಗೆ ಹೆರಿಗೆ ಮಾಡಿಸೋನನ್ನ ಇಟ್ಕೊಂಡು ನಾನೇನು ಮಾಡ್ಲಿ?"

"ಚಾಟಿಯವನಿಗೆ ಬೇರೆ ಕೋಟು ಹೊಲಿದು ಕೊಡ್ತೀವಿ. ಈ ಕೋಟು ಮಾತ್ರ ಅವನಿಗೆ ಬೇಡ."

"ಇದು ಬರೀ ನಾಟಕ, ಅದು ಬರೀ ಕೋಟು. ಸತ್ತು ಎಷ್ಟೋ ವರ್ಷ ಆಗಿರೋನು ಬಂದು ಕೇಳ್ತಾನಾ?"

"ಹೆಸರು ಗೊತ್ತಿಲ್ಲದಾಗ ನಾನೂ ಕೇಳ್ತಿರ್ಲಿಲ್ಲ ಮೇಷ್ಟ್ರೇ," ಎಂದಳು ಕಾಜಕ್ಕ. "ಈಗ ಗೊತ್ತಾಗಿದ್ಯಲ್ಲ."

ಮೇಷ್ಟ್ರು ಅರ್ಜಿಯ ನಕಲನ್ನು ಇಸಿದುಕೊಂಡು ಓದಿದರು. "ಪರೇಡಿನ ವೇಳೆ ನೋಡಿಕೊಂಡು" ಎಂಬಲ್ಲಿ ಅವರ ತುಟಿ ಸ್ವಲ್ಪ ಅಲುಗಿತು. ಮರುದಿನ ಅವರೇ ಅಂಗಡಿಗೆ ಬಂದರು. ಚಾಟಿಯವನಿಗೆ ಬರೀ ಕರಿ ಕೋಟು ಸಾಕಂತೆ. ಆರು ಗುಂಡಿಯ ಕೋಟಿಗೆ ಹೊಸದಾಗಿ ಒಂದು ಪಾತ್ರ, ಒಂದೇ ದೃಶ್ಯ, ರಾತ್ರಿಯೆಲ್ಲ ಕೂತು ಬರೆದಿದ್ದರಂತೆ.

ಆ ಪಾತ್ರಕ್ಕೆ ಗಣಿತದ ಮೇಷ್ಟ್ರು. ಅವರ ಬೆರಳು ಬಾಳೆಹಣ್ಣಿನಂಥವು. ಪರೇಡಿನ ನಡುವೆ ಕೂಗು ಬರಬೇಕು, ಅವರು ಸಾಲಿನಿಂದ ಹೊರಬಿದ್ದು ಓಡುತ್ತ ಆರು ಗುಂಡಿ ಬಿಚ್ಚಿ ತೋಳು ಮಡಚಬೇಕು. ಮೊದಲ ದಿನ ಎರಡು ಗುಂಡಿ ಬಿಚ್ಚುವಷ್ಟರಲ್ಲಿ ಅವರು ರಂಗದ ಆಚೆ ತುದಿ ತಲುಪಿ ಗೋಡೆಗೆ ತಾಗಿ ನಿಂತಿದ್ದರು. ಕಾಜಕ್ಕ ಪ್ರತಿ ಸಂಜೆ ಶಾಲೆಗೆ ಹೋಗಿ ಅವರಿಗೆ ಪಾಠ ಹೇಳಿದಳು.

"ಒಂದೊಂದೇ ಬಿಚ್ಚಬೇಡಿ ಮೇಷ್ಟ್ರೇ. ಹೆಬ್ಬೆರಳು ಒಳಗೆ ತೂರಿಸಿ, ಕೆಳಗಿನಿಂದ ಮೇಲಕ್ಕೆ ಕಿತ್ಕೊಂಡು ಹೋಗಿ."

"ಕಾಜ ಹರಿಯಲ್ವಾ?"

"ಹರೀಲಿ. ಹೊಲಿಯೋಕೆ ನಾನಿದ್ದೀನಿ."

ನಾಟಕದ ಸಂಜೆ ಶಾಲೆಯ ಅಂಗಳ ತುಂಬಿತ್ತು. ಹವಾಲ್ದಾರರು ಮುಂದಿನ ಸಾಲಿನಲ್ಲಿ ನೆಟ್ಟಗೆ ಕೂತಿದ್ದರು. ದನದ ಡಾಕ್ಟರು ತಡವಾಗಿ ಬಂದು ಹಿಂದೆ ನಿಂತರು. ಕೂಗು ಬಂದಾಗ ಗಣಿತದ ಮೇಷ್ಟ್ರು ಓಡಿದರು, ಆರು ಗುಂಡಿಗಳು ಸರಸರನೆ ಬಿಚ್ಚಿಕೊಂಡವು, ತೋಳು ಮೇಲೇರಿತು. ಯಾಕೆ ಬಿಚ್ಚುತ್ತಿದ್ದಾನೆಂದು ತಿಳಿಯದ ಜನ ಮೊದಲು ನಕ್ಕರು, ಆಮೇಲೆ ತಿಳಿದು ಕತ್ತು ಚಾಚಿ ನೋಡಿದರು. ಹಳೆಯ ಸಾಲುಕೊಟ್ಟಿಗೆಯ ಕತ್ತಲೊಳಗೆ ಅವರು ಹೋದ ಮೇಲೆ ಒಳಗಿಂದ ಬರಬೇಕಿದ್ದ ಕುದುರೆಯ ಸದ್ದು ಯಂತ್ರ ಕೈಕೊಟ್ಟು ಬರಲೇ ಇಲ್ಲ. ಆ ಮೌನವನ್ನೇ ಜನ ಕಿವಿಗೊಟ್ಟು ಕೇಳಿದರು. ಮುಗಿದ ಮೇಲೆ ಹವಾಲ್ದಾರರು ಕಾಜಕ್ಕನ ಬಳಿ ಬಂದು, "ಗಾಯ ಅಂದಿದ್ದೆ, ತಪ್ಪಾಯ್ತು" ಎಂದು ಒಂದೇ ಮಾತು ಹೇಳಿ ಹೋದರು. ಅವರಿಂದ ಅಂಥ ಮಾತು ಹೊರಟಿದ್ದನ್ನು ಅದಕ್ಕೆ ಮುಂಚೆ ಯಾರೂ ಕೇಳಿರಲಿಲ್ಲ. ಅಣ್ಣ ಮಾತ್ರ ಕೋಟಿನ ಭುಜ ಸ್ವಲ್ಪ ಇಳಿಬಿದ್ದಿತ್ತು ಎಂದು ಮನೆಯವರೆಗೂ ಪೇಚಾಡಿದ.

ಗ್ರಂಥಾಲಯದ ಚೀಟಿ ಬದಲಾಯಿತು. "ಅಪರಿಚಿತ" ಇದ್ದ ಜಾಗದಲ್ಲಿ ಈಗ ಹೆಸರು, ದರ್ಜೆ, ವಿಭಾಗ, ಇಸವಿ. ಅದರ ಕೆಳಗೆ ಚಿಕ್ಕ ಅಕ್ಷರದಲ್ಲಿ, ಗುರುತು ಹಿಡಿದವರು ಯಾರು ಎಂಬುದನ್ನೂ ಗ್ರಂಥಪಾಲಕಿ ಬರೆದಳು. ಅಪ್ಪ ಅಮ್ಮ ಇಟ್ಟ ಹೆಸರನ್ನೇ ಬರೆದಿದ್ದಳು. ಅದನ್ನು ಓದಿದ ಬೀದಿಯವರು ಇದು ಯಾರಪ್ಪಾ ಎಂದು ಕೇಳತೊಡಗಿದ್ದರಿಂದ, ಪಕ್ಕದಲ್ಲಿ ಕಾಜಕ್ಕ ಎಂದೂ ಸೇರಿಸಬೇಕಾಯಿತು.

ಈಗ ಬುಧವಾರ ಮಧ್ಯಾಹ್ನ ಅಂಗಡಿಯ ಮುಕ್ಕಾಲಿ ಖಾಲಿ ಇರುತ್ತದೆ. ಗ್ರಂಥಾಲಯದ ಒಳಕೋಣೆಯಲ್ಲಿ ಹೆಸರಿಲ್ಲದ ಫೋಟೋಗಳ ಇನ್ನೊಂದು ಡಬ್ಬಿ ಇದೆ, ನಲವತ್ತರ ಮೇಲಿವೆ. ಇದುವರೆಗೆ ಗುರುತಾದದ್ದು ಎರಡೇ. ಒಂದರ ವಿಷಯದಲ್ಲಿ ಇಬ್ಬರಿಗೂ ಜಗಳ ನಡೆಯುತ್ತಿದೆ. ಹೋದ ವಾರ ಕೈಗೆ ಬಂದದ್ದು, ಕೋಟು ತೊಟ್ಟು ಸೈಕಲ್ ಹಿಡಿದು ನಿಂತ ಇಬ್ಬರು ಹೆಂಗಸರ ಚಿತ್ರ. ಅಕ್ಕತಂಗಿಯರಿರಬೇಕು ಎಂದಳು ಗ್ರಂಥಪಾಲಕಿ. ಕಾಜಕ್ಕ ಭೂತಗನ್ನಡಿ ಹಿಡಿದು ಬಹಳ ಹೊತ್ತು ಬಗ್ಗಿದ್ದಳು.

"ಅಕ್ಕತಂಗಿ ಆಮೇಲೆ ನೋಡೋಣ," ಎಂದಳು. "ಇವರಿಬ್ಬರ ಜೇಬೂ ಒಂದೇ ಕಡೆ ಜೋತುಬಿದ್ದಿದೆ. ಇಬ್ಬರೂ ದಿನಾ ಏನೋ ಭಾರದ್ದು ಹೊರ್ತಿದ್ರು. ಏನಿರಬಹುದು, ಹೇಳು."